ಆಸ್ಪತ್ರೆಯ ನೋಂದಣಿಯಲ್ಲಿ ‘ಧರ್ಮ’ದ ಕಾಲಂ ಏಕೆ?

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಎರಡು ಸಂಚಿಕೆಗಳ ಹಿಂದೆ, ಆಸ್ಪತ್ರೆಗೆ ಒಳರೋಗಿಯಾಗಿ ಸೇರುವಾಗ ನಾವು ಯಾವ ಯಾವ ಕಾಗದಗಳಿಗೆ ಸಹಿ ಹಾಕುತ್ತೇವೆ ಎಂಬುದರ ಬಗ್ಗೆ ಇದೇ ಪುಟದಲ್ಲಿ ಬರೆದಿದ್ದೆ. ಅದರಲ್ಲಿ ನೋಂದಣಿ ಅರ್ಜಿಯ ‘ಧರ್ಮ’ ಎಂಬ ಕಾಲಂ ಕುರಿತು, ಅದನ್ನು ಕೇಳಲು ವೈದ್ಯಕೀಯ ಕಾರಣವಿಲ್ಲವೆಂಬ ಒಂದೇ ಒಂದು ವಾಕ್ಯವಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿರುವುದರಿಂದ ಈ ಸಲದ ಪುಟವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ನಾನು ವಕೀಲನಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೇಸ್ ಶೀಟು ಬರೆದವನು, ಕಿರಿಯರಿಂದ ಬರೆಸಿದವನು. ಕಾನೂನಿನ ಮಾತು ಬಂದಲ್ಲಿ ಬಲ್ಲವರನ್ನು ಕೇಳಿ ತಿಳಿದು ಬರೆದಿದ್ದೇನೆ.

ಪ್ರಶ್ನೆ: ನನ್ನ ತಾಯಿಯವರ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗಾಗಿ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಹೆಸರು, ವಯಸ್ಸು, ವಿಳಾಸ, ಮೊಬೈಲ್ ಸಂಖ್ಯೆ ಎಲ್ಲ ಬರೆದುಕೊಂಡ ಮೇಲೆ ಕೌಂಟರಿನಲ್ಲಿದ್ದ ಹುಡುಗಿ ಧರ್ಮ ಯಾವುದೆಂದು ಕೇಳಿದರು. ಏಕೆ ಬೇಕು ಎಂದಿದ್ದಕ್ಕೆ, ‘ಅದನ್ನು ತುಂಬದಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಸರ್’ ಎಂದರು. ಹೇಳಲೇಬೇಕೆಂಬ ನಿಯಮವಿದೆಯೇ? ಹೇಳದಿದ್ದರೆ ಚಿಕಿತ್ಸೆ ನಿರಾಕರಿಸಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಜನರನ್ನು ನಿಜವಾಗಿ ಅಂಜಿಸುವುದು ಅದೇ. ನಿರಾಕರಿಸುವಂತಿಲ್ಲ. ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವಾಗಿರಬೇಕು. ಆ ಕಾಯ್ದೆಯ ಭಾಗವಾಗಿರುವ ರೋಗಿಗಳ ಸನ್ನದು, ರೋಗಿಯ ಧರ್ಮ, ಜಾತಿ, ಲಿಂಗ, ಭಾಷೆ, ಆರ್ಥಿಕ ಸ್ಥಿತಿ ಯಾವುದನ್ನೂ ಲೆಕ್ಕಿಸದೆ ಚಿಕಿತ್ಸೆ ಪಡೆಯುವುದು ಆತನ ಹಕ್ಕು ಎನ್ನುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ, ಹದಿನೇಳು ಹಕ್ಕುಗಳುಳ್ಳ ರೋಗಿಗಳ ಸನ್ನದಿನಲ್ಲೂ ಇದೇ ಮಾತಿದೆ. ಇನ್ನು ಅಪಘಾತ, ಹೃದಯಾಘಾತದಂಥ ತುರ್ತಿನಲ್ಲಂತೂ ಯಾವ ಕಾಲಮ್ಮನ್ನೂ ತುಂಬುವವರೆಗೆ ಕಾಯಿಸುವಂತಿಲ್ಲ. ಮೊದಲು ಜೀವ ಉಳಿಸುವ ಕೆಲಸ, ಉಳಿದ ವಿಧಿವಿಧಾನಗಳು ಆಮೇಲೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹೇಳಲೇಬೇಕೇ ಎಂಬ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇಲ್ಲವೆಂದೇ. ಸರ್ಕಾರವಾಗಲಿ ಸರ್ಕಾರಿ ಸಂಸ್ಥೆಯಾಗಲಿ ಯಾವುದೇ ಅರ್ಜಿಯಲ್ಲಿ ನಾಗರಿಕನ ಧರ್ಮವನ್ನು ಬಲವಂತವಾಗಿ ಹೇಳಿಸುವಂತಿಲ್ಲ, ತನಗೆ ಯಾವ ಧರ್ಮವೂ ಇಲ್ಲವೆನ್ನುವ ಸ್ವಾತಂತ್ರ್ಯವೂ ಸಂವಿಧಾನದ 25ನೆಯ ವಿಧಿಯೊಳಗೇ ಇದೆ ಎಂದು ಬಾಂಬೆ ಹೈಕೋರ್ಟ್ 2014ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ಕರ್ನಾಟಕವನ್ನು ನೇರವಾಗಿ ಕಟ್ಟಿಹಾಕುವುದಿಲ್ಲ, ಖಾಸಗಿ ಆಸ್ಪತ್ರೆಗೂ ನೇರವಾಗಿ ಅನ್ವಯಿಸುವುದಿಲ್ಲ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಆದರೆ ಅದರ ಬೆನ್ನಿಗೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಅವರ ತಕರಾರು ಆಧಾರ್ ಕುರಿತದ್ದಾಗಿತ್ತು. ಸ್ವಾರಸ್ಯವೆಂದರೆ, ಬೆರಳಚ್ಚು ಮತ್ತು ಕಣ್ಣಿನ ಗುರುತನ್ನೂ ಕೇಳುವ ಆಧಾರ್ ಧರ್ಮವನ್ನು ಮಾತ್ರ ಕೇಳುವುದಿಲ್ಲ. ನೋಂದಣಿಯ ವೇಳೆ ಧರ್ಮ, ಜಾತಿ, ಬುಡಕಟ್ಟು, ಭಾಷೆ, ಆದಾಯ, ವೈದ್ಯಕೀಯ ಇತಿಹಾಸ ಇವುಗಳನ್ನು ಪಡೆಯಕೂಡದೆಂದು 2016ರ ಆಧಾರ್ ಕಾಯ್ದೆಯಲ್ಲೇ ಬರೆದಿದೆ. ಹೆಸರು, ವಿಳಾಸ ಎಲ್ಲ ಬರೆದುಕೊಂಡ ಮೇಲೂ ನಿಮ್ಮ ಆಸ್ಪತ್ರೆಗೆ ಕೊರತೆಯಾಗಿ ಕಂಡದ್ದು, ಆಧಾರ್ ಬೇಡವೆಂದು ಬಿಟ್ಟ ಅದೇ ಒಂದು ಸಂಗತಿ!

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಪಡೆದು ಮಾಹಿತಿ ಸಂಗ್ರಹಿಸುವಾಗಲೂ ಹೇಳಿದ ಉದ್ದೇಶಕ್ಕೆ ಎಷ್ಟು ಅಗತ್ಯವೋ ಅಷ್ಟಕ್ಕೆ ಮಾತ್ರ ಆ ಒಪ್ಪಿಗೆ ಸಲ್ಲುತ್ತದೆ ಎಂಬುದು ಅದರ ಮುಖ್ಯ ಸೂತ್ರ. ಅದನ್ನು ವಿವರಿಸಲು ಕಾಯ್ದೆಯೇ ಕೊಡುವ ಉದಾಹರಣೆ ವೈದ್ಯಕೀಯದ್ದು: ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಬಳಕೆದಾರನ ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನೂ ಕೇಳಿ, ಆತ ಎರಡಕ್ಕೂ ಹೂಂ ಎಂದರೂ, ಸಂಖ್ಯೆಗಳ ಮಟ್ಟಿಗೆ ಆ ಒಪ್ಪಿಗೆ ನಿಲ್ಲುವುದಿಲ್ಲ, ಏಕೆಂದರೆ ವೈದ್ಯಕೀಯ ಸಲಹೆಗೆ ಅವು ಬೇಕಿಲ್ಲ. ಪಿತ್ತಕೋಶದ ಕಲ್ಲಿಗೆ ಧರ್ಮ ಬೇಕೇ ಎಂಬುದನ್ನು ಇದೇ ಅಳತೆಗೋಲಿನಿಂದ ಅಳೆಯಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ ಜಾರಿಗೆ ಬರುವಂತಿವೆ.

ಕೌಂಟರಿನ ಹುಡುಗಿಯ ಮೇಲೆ ಸಿಟ್ಟಾಗಬೇಡಿ. ಆಕೆ ಸುಳ್ಳು ಹೇಳಿರಲಿಕ್ಕಿಲ್ಲ. ಸಾಫ್ಟ್‌ವೇರ್ ಬರೆದವರು ಆ ಕಾಲಮ್ಮಿನ ಪಕ್ಕ ಕೆಂಪು ನಕ್ಷತ್ರ ಹಾಕಿಟ್ಟಿದ್ದರೆ ಅದು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದೇ ಇಲ್ಲ. ‘ಹೇಳಲು ಇಷ್ಟವಿಲ್ಲ, ಇತರೆ ಎಂದು ಹಾಕಿಕೊಳ್ಳಿ’ ಎಂದರೆ ಆಕೆಯ ಕೆಲಸವೂ ಆಗುತ್ತದೆ, ನಿಮ್ಮದೂ ಆಗುತ್ತದೆ. ಆ ನಕ್ಷತ್ರವನ್ನು ತೆಗೆಸುವುದು ಬೇರೆಯೇ ಕೆಲಸ. ಅದಕ್ಕೆ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಒಂದು ಪುಟದ ಪತ್ರ ಬರೆಯಿರಿ. ಇಂಥ ಪತ್ರ ನನ್ನ ಮೇಜಿಗೆ ಇಡೀ ಸೇವಾವಧಿಯಲ್ಲಿ ಒಂದೂ ಬರಲಿಲ್ಲ, ಬಂದಿದ್ದರೆ ಯೋಚಿಸುತ್ತಿದ್ದೆನೇನೋ.

ಪ್ರಶ್ನೆ: ವೈದ್ಯಕೀಯ ಕಾರಣವಿಲ್ಲದೆ ಇಂಥ ಕಾಲಂ ಇಷ್ಟು ವರ್ಷ ಉಳಿದಿರಲು ಸಾಧ್ಯವೇ? ರೋಗಿಯ ಧರ್ಮ ತಿಳಿದರೆ ವೈದ್ಯರಿಗೆ ಏನು ಉಪಯೋಗ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ನಾವು ವೈದ್ಯರಾದ ಬಗೆಯಲ್ಲೇ ಇದರ ಬೇರಿದೆ. ಎಂಬಿಬಿಎಸ್ ವಿದ್ಯಾರ್ಥಿಯನ್ನು ಮೊದಲ ಬಾರಿ ವಾರ್ಡಿಗೆ ಕಳಿಸಿದಾಗ ರೋಗಿಯ ಬಲಬದಿಯಲ್ಲಿ ನಿಲ್ಲಬೇಕೆಂಬುದನ್ನೂ, ಹೆಸರು, ವಯಸ್ಸು, ಲಿಂಗ, ಧರ್ಮ, ಉದ್ಯೋಗ, ವಿಳಾಸ ಎಂಬ ಸರಣಿಯನ್ನೂ ಒಟ್ಟಿಗೇ ಕಲಿಸುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ‘ಧರ್ಮ ಏಕೆ ಕೇಳಿದೆ?’ ಎಂದು ಪರೀಕ್ಷಕರು ಕೇಳಿದರೆ ತಲೆತಲಾಂತರದಿಂದ ಬಂದ ಉತ್ತರವೊಂದಿದೆ: ಸುನ್ನತಿಯಾದ ಮುಸ್ಲಿಮರಲ್ಲೂ ಯಹೂದಿಗಳಲ್ಲೂ ಶಿಶ್ನದ ಕ್ಯಾನ್ಸರ್ ಅಪರೂಪ. ಆ ಉತ್ತರಕ್ಕೆ ನನಗೂ ಅಂಕ ಸಿಕ್ಕಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ತಿಳಿಯಬೇಕಾದದ್ದು ಸುನ್ನತಿಯಾಗಿದೆಯೇ ಎಂಬುದು, ಅದನ್ನು ಪರೀಕ್ಷಿಸುವ ವೈದ್ಯ ಕಣ್ಣಾರೆ ಕಾಣುತ್ತಾನೆ. ಕಾಲು ಉಳುಕಿದವನನ್ನೂ, ಹೆರಿಗೆಗೆ ಬಂದವಳನ್ನೂ, ಹಲ್ಲುನೋವಿನ ಮಗುವನ್ನೂ ಕೌಂಟರಿನಲ್ಲಿ ನಿಲ್ಲಿಸಿಕೊಂಡು ಧರ್ಮ ಕೇಳಲು ಅದು ಕಾರಣವಾಗಲಾರದು. ವಿದ್ಯಾರ್ಥಿಗೆ ಕಲಿಸಿದ ಸರಣಿ ಕೇಸ್ ಶೀಟಿನ ತಲೆಬರಹವಾಯಿತು, ಕೇಸ್ ಶೀಟಿನದು ಮುದ್ರಣಾಲಯದಲ್ಲಿ ಅಚ್ಚಾಯಿತು, ಅಚ್ಚಾದದ್ದನ್ನು ನೋಡಿಕೊಂಡೇ ಸಾಫ್ಟ್‌ವೇರ್ ಬರೆದರು. ನಾನು ಕಂಡಂತೆ ಈ ಕಾಲಂ ಉಳಿದಿರುವುದು ಹೆಚ್ಚಾಗಿ ಹೀಗೆ, ನಕಲಿನ ನಕಲಾಗಿ.

ಹಾಗೆಂದು ನಂಬಿಕೆಗೂ ಚಿಕಿತ್ಸೆಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಂಬಂಧವಿದೆ, ಅನೇಕ ಕಡೆ ಗಾಢವಾಗಿಯೇ ಇದೆ. ಆದರೆ ಆ ಕಾಲಂ ಅದನ್ನು ಹಿಡಿಯುವುದಿಲ್ಲ ಎಂಬುದೇ ನನ್ನ ಆಕ್ಷೇಪ. ರಕ್ತದ ವಿಷಯವನ್ನೇ ತೆಗೆದುಕೊಳ್ಳಿ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ಜೀವ ಹೋಗುವ ಸ್ಥಿತಿಯಲ್ಲೂ ಬೇರೆಯವರ ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ಹಾಕಿಸಿಕೊಳ್ಳುವುದಿಲ್ಲ; ಅನೇಕರು ಆ ಬಗ್ಗೆ ಸಹಿ ಮಾಡಿದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಶಸ್ತ್ರಚಿಕಿತ್ಸಕನಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಇರಲಾರದು. ಆದರೆ ಕೌಂಟರಿನ ಪಟ್ಟಿಯಲ್ಲಿ ಅವರು ‘ಕ್ರೈಸ್ತ’ ಎಂದಷ್ಟೇ ದಾಖಲಾಗುತ್ತಾರೆ, ಮತ್ತು ರಕ್ತದ ಬಗ್ಗೆ ಯಾವ ತಕರಾರೂ ಇಲ್ಲದ ಕೋಟ್ಯಂತರ ಕ್ರೈಸ್ತರಲ್ಲಿ ಕರಗಿಹೋಗುತ್ತಾರೆ. ‘ಅಗತ್ಯ ಬಿದ್ದರೆ ರಕ್ತ ಕೊಡಬಹುದೇ?’ ಎಂದು ಪ್ರತಿಯೊಬ್ಬರನ್ನೂ ಕೇಳಿದರೆ ಮಾತ್ರ ಈ ಸಂಗತಿ ಹೊರಬೀಳುತ್ತದೆ.

ಉಪವಾಸದ್ದೂ ಇದೇ ಕಥೆ. ರಂಜಾನ್ ತಿಂಗಳಲ್ಲಿ ರೋಜಾ ಇರುವ ಮಧುಮೇಹಿಗೆ ಮಾತ್ರೆಯ ಹೊತ್ತನ್ನೂ ಇನ್ಸುಲಿನ್ ಪ್ರಮಾಣವನ್ನೂ ಬದಲಿಸದಿದ್ದರೆ ಇಳಿಹೊತ್ತಿನಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಆದರೆ ಏಕಾದಶಿಯಂದು ನೀರೂ ಮುಟ್ಟದ ಅಜ್ಜಿ, ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೆ ಉಣ್ಣದ ಗೃಹಿಣಿ, ಪರ್ಯೂಷಣದಲ್ಲಿ ದಿನಗಟ್ಟಲೆ ಬರೀ ಬಿಸಿನೀರಿನಲ್ಲಿರುವ ಜೈನ ವ್ಯಾಪಾರಿ ಇವರ ಗತಿಯೇನು? ‘ಮುಸ್ಲಿಂ’ ಎಂದು ಓದಿದೊಡನೆ ಉಪವಾಸ ನೆನಪಾಗುವ ವೈದ್ಯನಿಗೆ ‘ಹಿಂದೂ’ ಎಂದು ಓದಿದಾಗ ಅದು ನೆನಪಾಗುವುದಿಲ್ಲ. ಏಕಾದಶಿಯ ಮರುದಿನ ದ್ವಾದಶಿಯ ಬೆಳಗಿನ ಜಾವ ಸಕ್ಕರೆ ಇಳಿದು ಬಂದವರಿಗೆ ನಾನೇ ಗ್ಲೂಕೋಸ್ ಹಾಕಿಸಿದ್ದೇನೆ.

ಔಷಧಗಳ ಮೂಲದ ಬಗ್ಗೆ ರೋಗಿಗಳಿಗೆ ನಾವು ಹೇಳುವುದು ಇನ್ನೂ ಕಡಿಮೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ತಯಾರಾಗುವುದು ಹಂದಿಯ ಕರುಳಿನ ಒಳಪದರದಿಂದ. ಕ್ಯಾಪ್ಸೂಲಿನ ಹೊರಚಿಪ್ಪಿನ ಜಿಲೆಟಿನ್ ಹೆಚ್ಚಾಗಿ ದನ ಅಥವಾ ಹಂದಿಯ ಮೂಳೆ ಮತ್ತು ಚರ್ಮದಿಂದ. ಹೃದಯಕ್ಕೆ ಜೋಡಿಸುವ ಜೈವಿಕ ಕವಾಟ ಹಂದಿಯದು, ಇಲ್ಲವೇ ದನದ ಹೃದಯದ ಹೊರಪೊರೆಯಿಂದ ಮಾಡಿದ್ದು. ಹಂದಿಯೆಂದರೆ ಮುಸ್ಲಿಮನಿಗೆ, ದನವೆಂದರೆ ಹಿಂದೂವಿಗೆ ಎಂದು ಹಂಚಿಬಿಟ್ಟರೆ, ಯಾವ ಪ್ರಾಣಿಯದೂ ಬೇಡವೆನ್ನುವ ಕಟ್ಟಾ ಸಸ್ಯಾಹಾರಿಗಳನ್ನು ಮರೆತಂತಾಗುತ್ತದೆ. ಇದರ ಜೊತೆಗೆ, ಪ್ರಾಣ ಉಳಿಸುವುದಕ್ಕಾಗಿ ಇವೆಲ್ಲವನ್ನೂ ಒಪ್ಪುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಕವಾಟದ ಆಯ್ಕೆಯಲ್ಲಿ ಲೋಹದ್ದೂ ಇದೆ, ಅದಕ್ಕೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ಇದನ್ನೆಲ್ಲ ರೋಗಿಯ ಎದುರು ಕುಳಿತು ಹೇಳಬೇಕೇ ಹೊರತು ಕಾಲಂ ನೋಡಿ ಆತನ ಪರವಾಗಿ ತೀರ್ಮಾನಿಸುವಂತಿಲ್ಲ.

ಅನುವಂಶೀಯ ರೋಗಗಳ ವಿಚಾರದಲ್ಲಿ ಸಮುದಾಯದ ಹೆಸರು ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಆದರೆ ಅಲ್ಲೂ ಬೇಕಾಗುವುದು ಧರ್ಮವಲ್ಲ. ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸಾಮಾನ್ಯರಲ್ಲಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಇಲ್ಲದವರಿಗೆ ಗಂಟೆಗಟ್ಟಲೆ ಉಸಿರಾಟ ಮರಳುವುದಿಲ್ಲ, ವೆಂಟಿಲೇಟರಿನಲ್ಲಿಟ್ಟು ಕಾಯಬೇಕಾಗುತ್ತದೆ. ಈ ಕೊರತೆ ವೈಶ್ಯ ಸಮುದಾಯದಲ್ಲಿ ಉಳಿದವರಿಗಿಂತ ಹೆಚ್ಚೆಂದು ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಚೆನ್ನಾಗಿ ಗೊತ್ತಿರುವುದರಿಂದ ಅವರು ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಏಕೆಂದು ತಿಳಿಸಿ, ಕೇಳಿಯೇ ಕೇಳುತ್ತಾರೆ. ಮೈಸೂರು, ಚಾಮರಾಜನಗರ, ಕೊಡಗಿನ ಕಡೆಯ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣದ ರಕ್ತಹೀನತೆಯನ್ನು (ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ರೋಗ) ಹುಡುಕುವುದೂ ಇಂಥದ್ದೇ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದ ಗುರಿ ಅದನ್ನು 2047ರೊಳಗೆ ನಿವಾರಿಸುವುದು. ಇನ್ನು ಹೆರಿಗೆ ವಿಭಾಗದಲ್ಲಿ ಕೇಳಬೇಕಾದದ್ದು ‘ನಿಮ್ಮದು ಸಂಬಂಧದೊಳಗಿನ ಮದುವೆಯೇ?’ ಎಂಬುದನ್ನು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯುಳ್ಳ ನಮ್ಮ ನಾಡಿನಲ್ಲಿ ಅದು ಒಂದು ಧರ್ಮದವರ ಸ್ವತ್ತೆಂದು ಯಾರೂ ಎದೆ ತಟ್ಟಿ ಹೇಳಲಾರರು.

ಪ್ರಶ್ನೆ: ಹೆಸರು ಕೇಳಿದರೆ ಧರ್ಮ ತಾನಾಗಿಯೇ ತಿಳಿಯುತ್ತದೆ. ಹೀಗಿರುವಾಗ ಅದನ್ನು ಬರೆದುಕೊಂಡರೆ ಏನು ಮಹಾ ನಷ್ಟ? ಸುಮ್ಮನೆ ರಾದ್ಧಾಂತ ಮಾಡುತ್ತಿದ್ದೀರಿ ಎನಿಸುತ್ತದೆ.
— ಓದುಗರೊಬ್ಬರು, ಗದಗ

ಉತ್ತರ: ಗದಗಿನವರೇ ಹೀಗೆ ಕೇಳಿದ್ದು ನನಗೆ ಅಚ್ಚರಿ! ನಿಮ್ಮ ಸೀಮೆಯಲ್ಲಿ ಪಾಟೀಲ, ದೇಸಾಯಿ, ಇನಾಮದಾರ ಎಂಬ ಅಡ್ಡಹೆಸರುಗಳು ಹಿಂದೂ, ಮುಸ್ಲಿಂ ಎರಡೂ ಕಡೆಯವರಿಗಿವೆ. ಹುಸೇನಪ್ಪ, ಫಕೀರಪ್ಪ ಎಂಬ ಹೆಸರಿನ ಹಿಂದೂಗಳು ಕೊಪ್ಪಳ, ರಾಯಚೂರಿನವರೆಗೂ ಇದ್ದಾರೆ, ಮೊಹರಂನಲ್ಲಿ ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುವವರಲ್ಲಿ ಅವರೇ ಮುಂದು. ಹೆಸರು ನೋಡಿ ಧರ್ಮ ಊಹಿಸುವ ಗುಮಾಸ್ತ ಅಲ್ಲಿ ದಿನಕ್ಕೆ ನಾಲ್ಕು ಸಲ ತಪ್ಪುತ್ತಾನೆ.

ನಿಮ್ಮ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುತ್ತಿಲ್ಲ, ಏಕೆಂದರೆ ಆಸ್ಪತ್ರೆಯ ಆಡಳಿತದವರೂ ಹೀಗೆಯೇ ಕೇಳುತ್ತಾರೆ. ಊಹಿಸುವುದಕ್ಕೂ ದಾಖಲಿಸುವುದಕ್ಕೂ ಅಂತರವಿದೆ. ಊಹೆ ಒಬ್ಬನ ತಲೆಯಲ್ಲಿರುತ್ತದೆ. ದಾಖಲೆಯಾದರೋ ಒಂದು ಗುಂಡಿ ಒತ್ತಿದರೆ ಸಾವಿರಾರು ರೋಗಿಗಳನ್ನು ಧರ್ಮವಾರು ವಿಂಗಡಿಸಿ ಕೊಡುತ್ತದೆ. ಅಂಥ ಪಟ್ಟಿ ಯಾವ ಹೊತ್ತಿನಲ್ಲಿ ಯಾರ ಕೈಗೆ ಸಿಗುತ್ತದೆಂದು ಹೇಳಬರುವುದಿಲ್ಲ. 2020ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ಅಹಮದಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೋವಿಡ್ ರೋಗಿಗಳನ್ನು ಧರ್ಮದ ಪ್ರಕಾರ ಬೇರೆ ಬೇರೆ ವಾರ್ಡುಗಳಿಗೆ ಹಾಕಲಾಗಿದೆಯೆಂದು ಪತ್ರಿಕೆಗಳಲ್ಲಿ ವರದಿಯಾಗಿ, ಗುಜರಾತ್ ಸರ್ಕಾರ ಅದನ್ನು ಅಲ್ಲಗಳೆಯಿತು. ಅದೇ ತಿಂಗಳು ಉತ್ತರ ಪ್ರದೇಶದ ಮೇರಠ್‌ನ ಖಾಸಗಿ ಆಸ್ಪತ್ರೆಯೊಂದು, ಮುಸ್ಲಿಂ ರೋಗಿಗಳು ಕೋವಿಡ್ ಇಲ್ಲವೆಂಬ ವರದಿಯೊಂದಿಗೇ ಬರಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು; ಅದರ ಮೇಲೆ ಪೊಲೀಸ್ ಮೊಕದ್ದಮೆ ದಾಖಲಾಯಿತು, ಆಸ್ಪತ್ರೆ ಕ್ಷಮೆಯನ್ನೂ ಕೇಳಿತು. ಆ ಜಾಹೀರಾತು ಅಚ್ಚಾದ ದಿನಗಳಲ್ಲಿ ಕೌಂಟರಿನಲ್ಲಿ ‘ಧರ್ಮ ಯಾವುದು?’ ಎಂಬ ಪ್ರಶ್ನೆ ಎದುರಿಸಿದವರಿಗೆ ಅದು ವಯಸ್ಸು, ವಿಳಾಸ ಕೇಳಿದಂತೆ ಕೇಳಿಸಿರಲಾರದು. ನಿಮಗೆ ಈ ಪ್ರಶ್ನೆ ಹಗುರವೆನಿಸುವುದಕ್ಕೆ, ನನ್ನಂತೆಯೇ ನೀವೂ ಅದರಿಂದ ಯಾವತ್ತೂ ತೊಂದರೆಗೊಳಗಾಗದಿರುವುದೂ ಒಂದು ಕಾರಣವಿರಬಹುದು.

ಪ್ರಶ್ನೆ: ನಾನು ಕ್ರೈಸ್ತಳು, ಪತಿ ಹಿಂದೂ. ಮಗು ಹುಟ್ಟಿದ ಎರಡನೆಯ ದಿನ ಆಸ್ಪತ್ರೆಯವರು ಒಂದು ಅರ್ಜಿ ತಂದು ನಮ್ಮಿಬ್ಬರ ಧರ್ಮವನ್ನೂ ಕೇಳಿದರು. ಮಗುವಿಗೆ ಈಗಲೇ ಯಾವ ಧರ್ಮವನ್ನೂ ಹಚ್ಚುವ ಇಚ್ಛೆ ನಮಗಿಲ್ಲ. ಜನನ ಪ್ರಮಾಣಪತ್ರದಲ್ಲಿ ಅದು ಬರುತ್ತದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಬರುವುದಿಲ್ಲ. ನಿಮ್ಮ ಮುಂದೆ ಬಂದ ಅರ್ಜಿ ಆಸ್ಪತ್ರೆಯದಲ್ಲ, 1969ರ ಜನನ ಮರಣ ನೋಂದಣಿ ಕಾಯ್ದೆಯಡಿಯ ಜನನ ವರದಿ. ಆಸ್ಪತ್ರೆಯಲ್ಲಿ ಮಗು ಹುಟ್ಟಿದರೆ 21 ದಿನಗಳೊಳಗೆ ಅದನ್ನು ನೋಂದಣಾಧಿಕಾರಿಗೆ ತಿಳಿಸುವ ಹೊಣೆ ಆಸ್ಪತ್ರೆಯದೇ. ಆ ವರದಿಯಲ್ಲಿ ಎರಡು ಭಾಗಗಳಿವೆ. ಕಾನೂನು ಭಾಗದಲ್ಲಿ ಹುಟ್ಟಿದ ದಿನ, ಸ್ಥಳ, ಲಿಂಗ, ತಂದೆತಾಯಿಯರ ಹೆಸರು, ವಿಳಾಸ ಇರುತ್ತವೆ. ಪ್ರಮಾಣಪತ್ರ ತಯಾರಾಗುವುದು ಅದರಿಂದ. ಅಂಕಿಅಂಶದ ಭಾಗದಲ್ಲಿ ಪೋಷಕರ ವಿದ್ಯಾಭ್ಯಾಸ, ಉದ್ಯೋಗ, ತಾಯಿಯ ವಯಸ್ಸು, ಮಗುವಿನ ತೂಕ ಇಂಥವುಗಳ ಜೊತೆ ಧರ್ಮವೂ ಇದೆ. ಮೊದಲು ಅಲ್ಲಿ ‘ಕುಟುಂಬದ ಧರ್ಮ’ ಎಂದಿತ್ತು. 2023ರ ತಿದ್ದುಪಡಿಯ ನಂತರದ ನಮೂನೆಗಳಲ್ಲಿ ತಂದೆಯ ಧರ್ಮ, ತಾಯಿಯ ಧರ್ಮ ಎಂದು ಬೇರೆ ಬೇರೆಯಾಗಿದೆ, ನಿಮ್ಮಿಬ್ಬರನ್ನೂ ಪ್ರತ್ಯೇಕವಾಗಿ ಕೇಳಿದ್ದು ಅದಕ್ಕೇ. ಮಗುವಿನ ಧರ್ಮ ಯಾವುದೆಂದು ಅಲ್ಲಿ ಯಾರೂ ಕೇಳುತ್ತಿಲ್ಲ. ಆ ಭಾಗ ಸೇರುವುದು ಅಂಕಿಅಂಶಗಳ ಲೆಕ್ಕಕ್ಕೆ. ನಮ್ಮ ರಾಜ್ಯದಲ್ಲಿ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿಯೂ ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರೇ.

ಅಲ್ಲಿ ಧರ್ಮ ಹೇಳಲು ಇಷ್ಟವಿಲ್ಲದವರ ಬಗ್ಗೆ ತೆಲಂಗಾಣ ಹೈಕೋರ್ಟ್ 2023ರಲ್ಲಿ ಒಂದು ತೀರ್ಪು ಕೊಟ್ಟಿದೆ: ಜನನ ನೋಂದಣಿಯ ಅರ್ಜಿಯಲ್ಲಿ ‘ಧರ್ಮವಿಲ್ಲ, ಜಾತಿಯಿಲ್ಲ’ ಎಂಬ ಆಯ್ಕೆಯೂ ಇರಬೇಕೆಂದು. ಜನಗಣತಿಯವರೇ ‘ಧರ್ಮ ತಿಳಿಸಿಲ್ಲ’ ಎಂಬ ಸಾಲನ್ನು ಇಟ್ಟುಕೊಂಡಿದ್ದಾರೆ; 2011ರಲ್ಲಿ ದೇಶದಲ್ಲಿ ಸುಮಾರು 29 ಲಕ್ಷ ಜನ ಆ ಸಾಲಿನಲ್ಲಿದ್ದರು.

ಮರಣ ವರದಿಯಲ್ಲೂ ಇಂಥದೇ ಅಂಕಿಅಂಶದ ಭಾಗವಿದೆ. ಅಲ್ಲಿ ಧರ್ಮದ ಜೊತೆಗೆ, ತೀರಿಕೊಂಡವರಿಗೆ ಬೀಡಿ ಸಿಗರೇಟು, ಹೊಗೆಸೊಪ್ಪು, ಅಡಿಕೆ, ಮದ್ಯದ ಅಭ್ಯಾಸ ಎಷ್ಟು ವರ್ಷದಿಂದ ಇತ್ತೆಂದೂ ಕೇಳುತ್ತಾರೆ. ದುಃಖದಲ್ಲಿರುವವರ ಮುಂದೆ ಅಡಿಕೆಯ ಲೆಕ್ಕ ತೆಗೆಯುವುದು ಮುಜುಗರದ ಕೆಲಸ, ಆದರೆ ಬಾಯಿ ಕ್ಯಾನ್ಸರಿನ ಅಂಕಿಗಳಿಗೆ ಅದು ಬೇಕು. ಕಾರಣವಿರುವ ಪ್ರಶ್ನೆಗೂ ಕಾರಣವಿಲ್ಲದ ಪ್ರಶ್ನೆಗೂ ಇರುವ ವ್ಯತ್ಯಾಸವೆಂದರೆ ಇದೇ.

ಪ್ರಶ್ನೆ: ಗರ್ಭಿಣಿಯಾದ ನನಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ‘ತಾಯಿ ಕಾರ್ಡ್’ನಲ್ಲಿ ಜಾತಿಯನ್ನೂ ಬರೆದುಕೊಂಡಿದ್ದಾರೆ. ಇದೂ ತಪ್ಪಲ್ಲವೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅದನ್ನು ಬರೆಸಿ. ಜನನಿ ಸುರಕ್ಷಾ ಯೋಜನೆಯ ಹಣ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬದವರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ತಾಯಂದಿರಿಗೂ ಸಲ್ಲುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಗ್ರಾಮೀಣರಿಗೆ 700, ಪಟ್ಟಣದವರಿಗೆ 600 ರೂಪಾಯಿ. ಮೊತ್ತ ಸಣ್ಣದು, ಆದರೆ ಅದು ನಿಮ್ಮದು.

ಪ್ರಶ್ನೆ: ನಾನು ‘ಲಿಂಗಾಯತ’ ಎಂದು ಹೇಳಿದೆ, ಅವರು ‘ಹಿಂದೂ’ ಎಂದು ಬರೆದರು. ಮುಂದೆ ಇದರಿಂದ ತೊಂದರೆಯಾಗುತ್ತದೆಯೇ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಇಲ್ಲ. ಆಸ್ಪತ್ರೆಯ ದಾಖಲೆ ಯಾರ ಧರ್ಮಕ್ಕೂ ಪುರಾವೆಯಲ್ಲ. ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ರಾಜ್ಯ ಸರ್ಕಾರ 2018ರ ಮಾರ್ಚಿನಲ್ಲಿ ಕೇಂದ್ರಕ್ಕೆ ಶಿಫಾರಸು ಮಾಡಿದ ಸಂಗತಿ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ವಿಚಾರವನ್ನು ಓಪಿಡಿ ಚೀಟಿಯ ಕೌಂಟರಿನಲ್ಲಿ ಇತ್ಯರ್ಥಪಡಿಸಲು ನೋಡುವುದು ಹಿಂದೆ ಸಾಲಿನಲ್ಲಿ ನಿಂತವರಿಗೂ ನ್ಯಾಯವಲ್ಲ.

ಪ್ರಶ್ನೆ: ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನನ್ನು ಇಲ್ಲಿನ ಆಸ್ಪತ್ರೆಯಲ್ಲೂ ಧರ್ಮ ಕೇಳಿದರು. ಇಲ್ಲಿ ಧರ್ಮ ಹೇಳಿದರೆ ತೆರಿಗೆ ಬೀಳುತ್ತದೆಂದು ಗೆಳೆಯರು ಹೆದರಿಸಿದ್ದರಿಂದ ನಾನು ಉತ್ತರಿಸಲಿಲ್ಲ.
— ಕನ್ನಡಿಗರೊಬ್ಬರು, ಮ್ಯೂನಿಕ್

ಉತ್ತರ: ನಿಮ್ಮ ಗೆಳೆಯರು ಎರಡು ಕಚೇರಿಗಳನ್ನು ಬೆರೆಸಿದ್ದಾರೆ. ಜರ್ಮನಿಯ ಚರ್ಚ್ ತೆರಿಗೆ, ಅಂದರೆ ಆದಾಯ ತೆರಿಗೆಯ ಮೇಲೆ ಬವೇರಿಯ ಮತ್ತು ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯಗಳಲ್ಲಿ ಶೇ 8, ಉಳಿದೆಡೆ ಶೇ 9, ಸಂಬಂಧಿಸಿರುವುದು ಊರಿನ ನಿವಾಸಿ ನೋಂದಣಿಯ ವೇಳೆ ಕೊಟ್ಟ ಉತ್ತರಕ್ಕೆ. ಅದನ್ನು ಕಟ್ಟುವವರೂ ತೆರಿಗೆ ವಸೂಲಿಯ ಅಧಿಕಾರವುಳ್ಳ ಚರ್ಚು ಮೊದಲಾದ ಸಮುದಾಯಗಳ ಸದಸ್ಯರು ಮಾತ್ರ. ಆಸ್ಪತ್ರೆಯವರು ಕೇಳುವುದು, ನೀವು ಬಯಸಿದರೆ ನಿಮ್ಮ ಮತದ ಪಾದ್ರಿಯೋ ಆಪ್ತರೋ ಬಂದು ಮಾತನಾಡಿಸಿ ಹೋಗಲೆಂದು, ಮತ್ತು ಅದಕ್ಕೆ ಉತ್ತರಿಸುವುದು ನಿಮ್ಮ ಇಚ್ಛೆ. ಅಮೆರಿಕದ ಆಸ್ಪತ್ರೆಗಳಲ್ಲೂ ಈ ಪ್ರಶ್ನೆಯಿದೆ. ಅಲ್ಲಿನ ಆರೋಗ್ಯ ಮಾಹಿತಿ ಕಾನೂನಿನ ಪ್ರಕಾರ ಒಳರೋಗಿಗಳ ಪಟ್ಟಿಯಲ್ಲಿರುವ ಧರ್ಮದ ವಿವರವನ್ನು ಧರ್ಮಗುರುಗಳಿಗಲ್ಲದೆ, ನೋಡಲು ಬಂದ ಬೇರೆ ಯಾರಿಗೂ ಹೇಳುವಂತಿಲ್ಲ. ಆ ಪಟ್ಟಿಯಲ್ಲಿ ತನ್ನ ಹೆಸರೇ ಬೇಡವೆನ್ನಲೂ ರೋಗಿಗೆ ಅವಕಾಶವಿರಬೇಕು. ನಮ್ಮಲ್ಲಿ ಕಾಲಂ ಮಾತ್ರ ಇದೆ, ಅದರ ಹಿಂದಿನ ಈ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ.

ಪ್ರಶ್ನೆ: ನಾನು ತೀವ್ರ ನಿಗಾ ಘಟಕದಲ್ಲಿ ಸ್ಟಾಫ್ ನರ್ಸ್. ಧರ್ಮ ಕೇಳಬಾರದೆಂದು ಹೇಳುವುದು ಸುಲಭ ಸರ್. ರೋಗಿ ರಾತ್ರಿ ಎರಡು ಗಂಟೆಗೆ ತೀರಿಕೊಂಡಾಗ ದೇಹಕ್ಕೆ ಸ್ನಾನ ಮಾಡಿಸಬೇಕೇ, ಬೇಡವೇ, ಒಡವೆ ತೆಗೆಯಬೇಕೇ, ಯಾವ ದಿಕ್ಕಿಗೆ ಮಲಗಿಸಬೇಕು ಎಂದು ನಿರ್ಧರಿಸಬೇಕಾದವರು ನಾವು. ಪ್ರಜ್ಞೆಯಿಲ್ಲದೆ, ಜೊತೆಗೆ ಯಾರೂ ಇಲ್ಲದೆ ಬಂದವರ ವಿಷಯದಲ್ಲಿ ಏನು ಮಾಡಬೇಕು?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಬಂದ ಪತ್ರಗಳಲ್ಲೆಲ್ಲ ನಿಮ್ಮದೇ ತೂಕದ್ದು. ಸಾವಿನ ಹೊತ್ತಿನಲ್ಲಿ ಧರ್ಮ ನಿಜವಾಗಿಯೂ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲವರಲ್ಲಿ ಬೇರೆ ಮತದವರು ದೇಹ ತೊಳೆಯುವಂತಿಲ್ಲ. ಕೆಲವರಲ್ಲಿ ಬಾಯಿಗೆ ತುಳಸಿ ನೀರು ಬಿಡಬೇಕು. ಮುಸ್ಲಿಮರು ಆದಷ್ಟು ಬೇಗ ದಫನ್ ಮಾಡಬಯಸುತ್ತಾರೆ, ಆದ್ದರಿಂದ ಮರಣೋತ್ತರ ಪರೀಕ್ಷೆ ಬೇಕಾದ ಪ್ರಕರಣಗಳಲ್ಲಿ ಒಂದೊಂದು ಗಂಟೆಯೂ ಅವರಿಗೆ ಸಂಕಟ. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ನಡೆಸಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಅನುಮತಿ ಕೊಟ್ಟಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರದಂಥ ಶಂಕೆಯ ಪ್ರಕರಣಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಡಲಾಗಿದೆ. ಅಂಗಾಂಗ ದಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಬದಲಾವಣೆ ಅದು, ಬೇಗ ಮಣ್ಣು ಮಾಡಬೇಕೆನ್ನುವವರಿಗೂ ಉಪಕಾರವಾಯಿತು.

ಆದರೆ ಇವೆಲ್ಲಕ್ಕೂ ಕೌಂಟರಿನ ಕಾಲಂ ನಂಬಬೇಡಿ. ರೋಗಿ ಘಟಕಕ್ಕೆ ಬಂದ ಮೊದಲ ದಿನ, ಸ್ಥಿತಿ ಗಂಭೀರವೆಂದು ತಿಳಿಸುವ ಹೊತ್ತಿನಲ್ಲಿ, ಹತ್ತಿರದ ಸಂಬಂಧಿಯನ್ನು ಪಕ್ಕಕ್ಕೆ ಕರೆದು ‘ನಾವು ನೋಡಿಕೊಳ್ಳುವಾಗ ನಿಮ್ಮ ಮನೆಯ ಪದ್ಧತಿಯಂತೆ ಏನಾದರೂ ಗಮನದಲ್ಲಿಡಬೇಕೇ? ರಾತ್ರಿ ಯಾರಿಗೆ ಫೋನ್ ಮಾಡಬೇಕು?’ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆದಿಡಿ. ಒಂದೇ ಧರ್ಮದ ಎರಡು ಮನೆಗಳ ಉತ್ತರ ಒಂದೇ ಆಗಿರುವುದಿಲ್ಲವೆಂದು ಒಂದು ತಿಂಗಳಲ್ಲೇ ನಿಮಗೆ ಗೊತ್ತಾಗುತ್ತದೆ.

ಜೊತೆಗೆ ಯಾರೂ ಇಲ್ಲದೆ ಬಂದವರ ಬಗ್ಗೆ ನನ್ನದೇ ಒಂದು ಅನುಭವ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾಗ ಹೆದ್ದಾರಿಯಲ್ಲಿ ಲಾರಿ ಬಡಿದು ಬಿದ್ದಿದ್ದ ಸುಮಾರು ನಲವತ್ತರ ಒಬ್ಬರನ್ನು ಪೊಲೀಸರು ರಾತ್ರಿ ತಂದು ಸೇರಿಸಿದರು. ಪ್ರಜ್ಞೆಯಿರಲಿಲ್ಲ, ಜೇಬಿನಲ್ಲಿ ಕಾಗದವಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಹೆಸರಿನ ಎದುರು ‘ಅಪರಿಚಿತ ವ್ಯಕ್ತಿ’ ಎಂದು ಬರೆದ ವಾರ್ಡ್ ಬಾಯ್, ಮಣಿಕಟ್ಟಿನ ಕೆಂಪು ದಾರ ನೋಡಿ ಧರ್ಮದ ಎದುರು ‘ಹಿಂದೂ’ ಎಂದು ಬರೆದ. ನಾನು ಅದರ ಕೆಳಗೆ ಸಹಿ ಮಾಡಿದೆ. ಆತ ಬೆಳಗಿನ ಜಾವ ತೀರಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಹುಡುಕುತ್ತ ಬಂದ ಅಣ್ಣ, ಮೂರು ದಿನದ ಹಿಂದೆ ದರ್ಗಾದಲ್ಲಿ ಹರಕೆ ಹೊತ್ತು ಕಟ್ಟಿಸಿಕೊಂಡ ದಾರವದು ಎಂದರು. ದೇಹ ಶವಾಗಾರದಲ್ಲೇ ಇದ್ದುದರಿಂದ ಅನಾಹುತವೇನೂ ಆಗಲಿಲ್ಲ. ಆದರೆ ಕಾಗದಗಳಿಗೆ ಸಹಿ ಹಾಕುವಾಗ ಅವರು ಆ ಪದದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಇನ್ನೊಮ್ಮೆ ಸಹಿ ಮಾಡಿ, ದಿನಾಂಕ ಹಾಕಿ ಕೊಟ್ಟೆ. ಅಂದಿನಿಂದ ನಾನಿದ್ದ ಆಸ್ಪತ್ರೆಗಳಲ್ಲಿ ಅಪರಿಚಿತರ ದಾಖಲೆಯಲ್ಲಿ ‘ತಿಳಿದಿಲ್ಲ’ ಎಂದೇ ಬರೆಯಲು ಹೇಳುತ್ತಿದ್ದೆ. ಮೈಮೇಲಿನ ದಾರ, ತಾಯತ, ಹಚ್ಚೆ, ಒಡವೆಗಳ ವಿವರವನ್ನು ಗುರುತಿನ ಚಿಹ್ನೆಗಳ ಕೆಳಗೆ, ಕಂಡದ್ದನ್ನು ಕಂಡಂತೆ, ಬೇರೆಯಾಗಿ ಬರೆಸುತ್ತಿದ್ದೆ. ವಾರಸುದಾರರನ್ನು ಹುಡುಕುವ ಪೊಲೀಸರಿಗೆ ಆ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.